ಕೆಂಪು ಬಡಾವಣೆ

ಸರ್ವೆ ಕಚೇರಿಯಲ್ಲಿ ಮೂವತ್ತು ವರ್ಷ ನಕ್ಷೆಗಳಿಗೆ ಬಣ್ಣ ತುಂಬಿ ನಿವೃತ್ತರಾಗಿದ್ದ ಅವರನ್ನು ಬಡಾವಣೆಯವರೆಲ್ಲ ‘ನಕ್ಷೆ ಮಾವ’ ಅಂತಲೇ ಕರೆಯುತ್ತಿದ್ದರು. ಆ ಬೆಳಿಗ್ಗೆ ಮಗಳು ಹೃದ್ರೋಗ, ಪಾರ್ಶ್ವವಾಯುಗಳ ಆನ್‌ಲೈನ್ ನಕ್ಷೆಯೊಂದನ್ನು ತೆರೆದುಕೊಟ್ಟು ಕೆಲಸಕ್ಕೆ ಹೋದದ್ದೇ ತಪ್ಪಾಯಿತು. ರೋಗಿಗಳು ಹೆಚ್ಚಿದ್ದಷ್ಟೂ ಕೆಂಪು. ಮಾವನ ಬಡಾವಣೆ ಒಣಮೆಣಸಿನಕಾಯಿಯ ಹಾಗಿತ್ತು. ನದಿಯಾಚೆ ಅವರು ಹುಟ್ಟಿ ಬೆಳೆದ ಓಣಿ ಮಾತ್ರ ಹಾಲಿನಷ್ಟು ಬೆಳ್ಳಗೆ.

ಅವರ ಅಪ್ಪ ಎದೆನೋವಿನಿಂದ ತೀರಿಕೊಂಡದ್ದು ಅರವತ್ತಾರಕ್ಕೆ. ಮಾವನಿಗೂ ಈಗ ಅರವತ್ತಾರು. ಅಪ್ಪ ತೀರಿಕೊಂಡದ್ದು ಆ ಬಿಳಿ ಓಣಿಯಲ್ಲೇ ಎಂಬುದು ಅವರಿಗೆ ಹೊಳೆಯಲಿಲ್ಲ. ಬದುಕಬೇಕಾದರೆ ಹಳೇ ಓಣಿಗೆ ಹೋಗಬೇಕು ಅಂತ ಹೆಂಡತಿಗೆ ಹೇಳಿದರು.

ಪಕ್ಕದ ಮನೆಯ ಕಾಂಪೌಂಡರ್ ಕಿವಿಗೆ ಅದು ಬಿತ್ತು. ಅವರು ಬಂದು ನಾಡಿ ಹಿಡಿದು, ಮಾತಿನ ಭರದಲ್ಲಿ ಮೂರು ಸಲ ಲೆಕ್ಕ ತಪ್ಪಿ, ಮೂರು ಸಲವೂ ಮುಖ ಸಣ್ಣದು ಮಾಡಿದರು. ಎದುರುಮನೆಯ ಟೈಪಿಸ್ಟಮ್ಮ ಮೆಟ್ಟಿಲು ಹತ್ತಕೂಡದೆಂದು ತಡೆದದ್ದರಿಂದ ಮಾವ ಅರ್ಧ ಗಂಟೆ ಮೂರನೇ ಮೆಟ್ಟಿಲಲ್ಲೇ ಕೂತರು. ಕೊನೆಗೆ ಹಿತ್ತಲ ಬಾಗಿಲಿಂದ ಜಾರಿ ಬಸ್ಸು ಹತ್ತಿದರು.

ಓಣಿ ಹಾಗೇ ಇತ್ತು. ಬೇಕರಿಯ ಬಿಸಿ ಬ್ರೆಡ್ಡಿನ ವಾಸನೆ ಹಾಗೇ ಇತ್ತು. ಬಾಲ್ಯದ ಗೆಳೆಯರಾದ ಗುಂಡ, ಬುರುಡೆ, ಕೋಳಿಕಾಲು ಎಲ್ಲ ಸಾಲಾಗಿ ಕೂತು ಹರಟುತ್ತಿದ್ದ ಕಬ್ಬಿಣದ ಗೇಟೂ ಇತ್ತು. ಮಾವನ ಕಣ್ಣು ತುಂಬಿ ಬಂತು. ಆ ದಿನಗಳಿಗಾಗಿ ಅವರ ಜೀವ ಎಷ್ಟು ಹಂಬಲಿಸಿತ್ತೋ ಅವರಿಗೇ ಗೊತ್ತಿರಲಿಲ್ಲ.

ಗೇಟಿನ ಒಳಗೆ ಕೂತಿದ್ದವನು ವಾಚು ರಿಪೇರಿಯ ಗೆಳೆಯ; ಅಡ್ಡಹೆಸರೂ ಗಡಿಯಾರ ಅಂತಲೇ. ಕುಶಲ ಕೇಳುವ ಮೊದಲೇ ಮಾವ, ಸಾಯೋತನಕ ಮನೆ ಅದಲು ಬದಲು ಮಾಡಿಕೊಳ್ಳೋಣವೇ ಅಂದರು. ಗಡಿಯಾರ ಕೂಡಲೇ ಗೇಟಿನ ಮೇಲೆ ಕೈ ಇಟ್ಟ. ಮಾವನೂ ಇಟ್ಟರು. ಗೇಟು ಮುಟ್ಟಿ ಕೊಟ್ಟ ಮಾತನ್ನು ಆ ಓಣಿಯ ಹುಡುಗರು ಯಾರೂ ಯಾವತ್ತೂ ಹಿಂದಕ್ಕೆ ತೆಗೆದುಕೊಂಡವರಲ್ಲ.

ಹೆಂಡತಿಗೆ ಫೋನು ಮಾಡಿದರೆ, ಬೆಳಿಗ್ಗೆಯ ಮಾತು ಕೇಳಿದ ಅಕ್ಕಪಕ್ಕದವರು ಆಗಲೇ ಪಾತ್ರೆಪಗಡ ಕಟ್ಟಿ ಮುಗಿಸುತ್ತಿದ್ದಾರೆ ಅಂದಳು.

“ಸರಿ, ನಮ್ಮ ಹುಡುಗರೆಲ್ಲ ಎಲ್ಲೋ?” ಮಾವ ಗಡಿಯಾರನನ್ನು ಆಸೆಯಿಂದ ಕೇಳಿದರು.

“ನಿಂಗೆ ಗೊತ್ತಿಲ್ವಾ? ಗುಂಡಂಗೆ ಬೈಪಾಸ್ ಆಯ್ತು, ಬುರುಡೆಗೆ ಸ್ಟ್ರೋಕು, ಕೋಳಿಕಾಲಿಗೆ ಎರಡು ಸ್ಟೆಂಟು. ನಿಮ್ಮ ಬಡಾವಣೇಲಿ ಹಾರ್ಟ್ ಆಸ್ಪತ್ರೆ ಇದ್ಯಲ್ಲ, ಅದರ ಹಿಂದಿನ ಬೀದೀಲೇ ಎಲ್ಲರೂ ಮನೆ ಮಾಡ್ಕೊಂಡಿದ್ದಾರೆ. ದಿನಾ ಸಂಜೆ ಸೇರಿ ಹರಟೆ ಹೊಡೀತಾರಂತೆ. ನನ್ನ ಹಾರ್ಟಿನ ವಾಲ್ವೂ ಕೆಟ್ಟಿದೆ, ಆ ಕಡೆ ಮನೆ ಸಿಗದೆ ಒಬ್ಬನೇ ಉಳ್ಕೊಂಡಿದ್ದೆ.”

ಆಸ್ಪತ್ರೆ ಕಂಡರೆ ಬೇರೆ ದಾರಿ ಹಿಡಿಯುವ ಮಾವ ಆ ಬೀದಿಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ನಕ್ಷೆಯಲ್ಲಿ ಕಂಡ ಕೆಂಪು ಯಾರದೆಂದು ಈಗ ತಿಳಿಯಿತು. ಅವರು ಮೆಲ್ಲಗೆ ಎದೆ ಹಿಡಿದುಕೊಂಡು ಗೇಟಿಗೆ ಒರಗಿದರು.

ಗಡಿಯಾರ ಅವರ ಬೆನ್ನು ತಟ್ಟಿದ. “ಬೇಜಾರು ಮಾಡ್ಕೋಬೇಡ ಕಣೋ. ನೀನೂ ಆಗಾಗ ನಮ್ಮ ಕಡೆ ಬಂದು ಹೋಗ್ತಾ ಇರು.”