ಬೈಪಾಸ್ ಆದ ರೈಟರ ತೂಕ

ಎದೆ ಸೀಳಿಸಿಕೊಂಡು ಬಂದವನ ಎದುರು ಜನ ಗಂಭೀರವಾಗಿರುತ್ತಾರೆ ಎಂದು ನೀವು ತಿಳಿದಿದ್ದರೆ, ನಮ್ಮ ಮೂಡಿಗೆರೆ ಕಡೆ ಬಂದು ಒಂದು ತಿಂಗಳು ಇದ್ದು ನೋಡಿ. ಮಂಗಳೂರಿನ ಆಸ್ಪತ್ರೆಯಿಂದ ಬಿಡುವಾಗ ನರ್ಸಮ್ಮ ನನ್ನ ಕೈಗೆ ಒಂದು ದಿಂಬು ಕೊಟ್ಟು, "ಜೋರಾಗಿ ಕೆಮ್ಮಬೇಡಿ, ನಗಲೂಬೇಡಿ. ಎದೆಮೂಳೆ ಇನ್ನೂ ಕೂಡಿಲ್ಲ. ತಡೆಯೋಕೆ ಆಗ್ಲಿಲ್ಲ ಅಂದ್ರೆ ಇದನ್ನ ಎದೆಗೆ ಅವಚಿಕೊಳ್ಳಿ" ಎಂದಿದ್ದಳು. ಕೆಮ್ಮು ಎರಡು ವಾರಕ್ಕೆ ನಿಂತಿತು. ನಗು ನಿಲ್ಲಲಿಲ್ಲವಾದ್ದರಿಂದ ದಿಂಬು ಮೂರು ತಿಂಗಳು ಬೇಕಾಯಿತು.

ನಾನು ಕಾಫಿ ಎಸ್ಟೇಟೊಂದರ ರೈಟರ್. ಆಳುಗಳ ಹಾಜರಿ, ಕೊಯ್ದ ಹಣ್ಣಿನ ತೂಕ ಬರೆಯುವುದು ನನ್ನ ಕೆಲಸ; ಆ ತೂಕದ ಮೇಲೇ ಅವರ ಕೂಲಿ. ತೊಂಬತ್ತರ ದಶಕದ ಕೊನೆಯಲ್ಲಿ, ಇನ್ನೇನು ಕಾಫಿ ಹಣ್ಣಾಗಬೇಕು ಅನ್ನುವ ಹೊತ್ತಿಗೆ ನನ್ನ ಹೃದಯ ಕೈಕೊಟ್ಟಿತು. ಮೂರು ಕಡೆ ನಾಳ ಕಟ್ಟಿಕೊಂಡಿತ್ತಂತೆ. ದೇವರ ದಯೆ, ಡಾಕ್ಟರ ಕೈಗುಣ, ಉಳಿದು ಬಂದೆ. ಹೊರಡುವಾಗ ಡಾಕ್ಟರು ನೂರು ಮಾತು ಹೇಳಿದರೂ ಒತ್ತಿ ಹೇಳಿದ್ದು ಒಂದೇ. "ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಇದ್ದಕ್ಕಿದ್ದ ಹಾಗೆ ಎರಡು ಕೆಜಿ ಏರಿದ್ರೆ ಅದು ಊಟದ ತೂಕ ಅಲ್ಲ, ಮೈಯಲ್ಲಿ ನೀರು ನಿಲ್ತಿದೆ ಅಂತ. ಜೀವಕ್ಕೆ ಅಪಾಯ. ತಡ ಮಾಡದೆ ಡಾಕ್ಟರ ಹತ್ತಿರ ಓಡಿ." ನನ್ನ ಹೆಂಡತಿ ಆ ಮಾತನ್ನು ಮಂತ್ರದಂತೆ ಬಾಯಿಪಾಠ ಮಾಡಿದಳು. ಅಂದಿನಿಂದ ಮನೆಯಲ್ಲಿ "ಹೇಗಿದ್ದೀರಿ?" ಅನ್ನುವ ಪ್ರಶ್ನೆಯೇ ಹೋಗಿ "ಎಷ್ಟಿದ್ದೀರಿ?" ಅನ್ನುವುದು ಬಂತು.

ನೋಡಲು ಬಂದವರು

ಆಪರೇಷನ್ನಿಗೆ ಮೊದಲು ಎಪ್ಪತ್ತೆಂಟು ಕೆಜಿ ಇದ್ದವನು ಆಸ್ಪತ್ರೆಯಿಂದ ಹೊರಬೀಳುವಾಗ ಅರವತ್ತೆಂಟಕ್ಕೆ ಇಳಿದಿದ್ದೆ. "ಒಳ್ಳೇದೇ ಆಯ್ತು, ಇಷ್ಟರಲ್ಲೇ ಇರಿ" ಎಂದು ಡಾಕ್ಟರು ಸಂತೋಷಪಟ್ಟಿದ್ದರು. ನಮ್ಮ ಕಡೆಯವರಿಗೆ ಮಾತ್ರ ಅದು ಸಹಿಸಲಾಗದ ಸಂಕಟ. ಬಾಗಿಲಲ್ಲಿ ಚಪ್ಪಲಿ ಬಿಡುವ ಮುಂಚೆಯೇ, "ಏನ್ ಮಾರಾಯ, ಅರ್ಧ ಆಗಿದೀಯಲ್ಲ!" ಎಂದು ಗೋಳಾಡುವರು. ರೋಗಿಯನ್ನು ನೋಡಲು ಬರಿಗೈಲಿ ಬರುವ ಪದ್ಧತಿ ನಮ್ಮಲ್ಲಿಲ್ಲ. ಒಬ್ಬರು ಕಡುಬು ತಂದರು, ಇನ್ನೊಬ್ಬರು ಹೋಳಿಗೆ ತಂದರು.

ನನ್ನ ದೊಡ್ಡಮ್ಮ ಆಲ್ದೂರಿನಿಂದ ಎರಡು ಬಸ್ಸು ಬದಲಾಯಿಸಿ ನಾಟಿಕೋಳಿ ಸಾರು ಹೊತ್ತು ತಂದರು. ಮುಚ್ಚಳ ತೆಗೆದರೆ ಮೇಲೆ ಒಂದು ಬೆರಳು ದಪ್ಪ ಜಿಡ್ಡು ತೇಲುತ್ತಿತ್ತು. ನನ್ನ ಹೆಂಡತಿ ಹೆದರಿ, "ದೊಡ್ಡಮ್ಮ, ಡಾಕ್ಟ್ರು ಎಣ್ಣೆ ಮುಟ್ಟಲೇಬಾರದು ಅಂದಿದಾರೆ" ಎಂದಳು.

"ನಂಗೆ ಅಷ್ಟೂ ಗೊತ್ತಾಗಲ್ವೇನೇ? ಒಂದು ತೊಟ್ಟು ಎಣ್ಣೆ ಹಾಕಿಲ್ಲ. ಪೂರಾ ತುಪ್ಪದಲ್ಲೇ ಮಾಡಿದೀನಿ" ಎಂದರು ದೊಡ್ಡಮ್ಮ.

ಪ್ರೀತಿಯಿಂದ ತಂದದ್ದನ್ನು ಚೆಲ್ಲುವುದು ಹೇಗೆ? ನನಗೆ ಕೊಡುವಂತಿಲ್ಲ. ಎಲ್ಲವನ್ನೂ ನನ್ನ ಹೆಂಡತಿಯೇ ಕರ್ತವ್ಯವೆಂದು ತಿಂದಳು. ತಿಂಗಳಾಗುವಷ್ಟರಲ್ಲಿ ಬೈಪಾಸ್ ಆದವನು ನಾನಾದರೂ ಹೊಲಿಗೆ ಬಿಚ್ಚಬೇಕಾಗಿ ಬಂದದ್ದು ಅವಳ ರವಿಕೆಗಳದ್ದು.

ಕಸಿ

ಕಾಫಿ ಕೊಯ್ಯುವ ಹೆಂಗಸರು ಒಂದು ಸಂಜೆ ಗುಂಪಾಗಿ ನೋಡಲು ಬಂದರು. ಅವರಲ್ಲೆಲ್ಲ ಹಿರಿಯಳಾದ ಅಜ್ಜಿ ನನ್ನ ಕಾಲಿನ ಬ್ಯಾಂಡೇಜ್ ನೋಡಿ, "ರೈಟ್ರೆ, ಕಾಯಿಲೆ ಎದೆಗೆ ಅಂದ್ರು, ಕಾಲು ಯಾಕೆ ಕುಯ್ದವ್ರೆ?" ಎಂದಳು. ಕಾಲಿನ ನರ ತೆಗೆದು ಹೃದಯಕ್ಕೆ ಜೋಡಿಸಿದ್ದಾರೆ ಎಂದು ವಿವರಿಸಿದೆ. ಉಳಿದವರು ಬಾಯಿಬಿಟ್ಟು ಕೂತರೆ ಅಜ್ಜಿ ಮಾತ್ರ ತಲೆದೂಗಿ, "ಕಸಿ ಕಟ್ಟವ್ರೆ ಅನ್ನಿ" ಎಂದಳು. ಆಸ್ಪತ್ರೆಯಲ್ಲಿ ಯಾರೂ ನನಗೆ ಇಷ್ಟು ಚೆನ್ನಾಗಿ ತಿಳಿಸಿ ಹೇಳಿರಲಿಲ್ಲ.

ಅಜ್ಜಿ ಅಲ್ಲಿಗೇ ನಿಲ್ಲಿಸಲಿಲ್ಲ. "ಕಸಿ ಗಿಡನ ಮೊದಲನೇ ವರ್ಷ ಹುಷಾರಾಗಿ ನೋಡ್ಕಬೇಕು. ದನ ಕರ ತಾಗಬಾರ್ದು." ಆಳುಗಳ ಕೆಲಸ ನೋಡಿಕೊಳ್ಳುವ ನಮ್ಮ ಮೇಸ್ತ್ರಿಯ ನಾಯಿಗೆ ನನ್ನ ಮೇಲೆ ಹಾರಿ ಮುದ್ದು ಮಾಡುವ ಚಾಳಿ ಇತ್ತು. ಮರುದಿನ ನಾನು ಬಿಸಿಲು ಕಾಯಿಸುವ ಜಗಲಿಯ ಸುತ್ತ ಸೊಂಟದೆತ್ತರಕ್ಕೆ ಬಿದಿರಿನ ಬೇಲಿ ಎದ್ದಿತ್ತು. ತಮ್ಮ ಊಟದ ಹೊತ್ತಿನಲ್ಲಿ ಬಂದು ಕಟ್ಟಿದ್ದರು, ಪುಣ್ಯಾತಗಿತ್ತಿಯರು. ಅದರೊಳಗೆ ಕೂತಿದ್ದಾಗ ನನಗೆ ಕಣ್ಣು ತುಂಬಿ ಬಂದದ್ದು ಸುಳ್ಳಲ್ಲ.

ಅದೇ ಹೊತ್ತಿಗೆ ತೋಟದ ಸಾಹುಕಾರರು ಬಂದರು. ಬೇಲಿ ನೋಡಿದರು, ನನ್ನನ್ನು ನೋಡಿದರು. "ಚೆನ್ನಾಗಿ ಚಿಗುರಿದೀರಿ ರೈಟ್ರೆ. ಗೊಬ್ಬರ ಯಾವಾಗ ಹಾಕಿಸ್ಲಿ?" ಎಂದರು.

ವಾಕಿಂಗ್

ದಿನಾ ಎರಡು ಕಿಲೋಮೀಟರ್ ನಡೆಯಬೇಕು, ಏರು ಹತ್ತಬಾರದು ಎಂದು ಡಾಕ್ಟರು ಹೇಳಿದ್ದರು. ನಮ್ಮ ಕಡೆ ಸಮತಟ್ಟು ಜಾಗ ಸಿಗುವುದು ಡಾಂಬರು ರಸ್ತೆಯಲ್ಲಿ ಮಾತ್ರ, ಅದೂ ಸ್ವಲ್ಪ ದೂರ. ಶುಭದಿನ ನೋಡಿ ಹೊರಟೆ. ಐವತ್ತು ಹೆಜ್ಜೆ ಇಟ್ಟಿರಬಹುದು, ಒಂದು ಬಾಡಿಗೆ ಜೀಪು ಕಿರ್ರೆಂದು ನಿಂತಿತು.

"ಹತ್ತಿ ರೈಟ್ರೆ!"

"ಬೇಡ ಮಾರಾಯ, ನಾನು ನಡೀಬೇಕು."

"ಆಪರೇಷನ್ ಆದೋರನ್ನ ರಸ್ತೇಲಿ ಬಿಟ್ಟು ಹೋಗೋಕೆ ನಾವೇನ್ ಮನುಷ್ಯರಲ್ವಾ?"

ಒಳಗೆ ಆಗಲೇ ಹದಿನಾರು ಜನರಿದ್ದರು. ಮುಂದಿನ ಸೀಟಿನವನೊಬ್ಬ ಇಳಿದು ಹಿಂದೆ ಜೋತುಬಿದ್ದ. ಇಬ್ಬರು ನನ್ನನ್ನು ಮೊಟ್ಟೆಯ ಬುಟ್ಟಿಯಂತೆ ಎತ್ತಿ ಕೂರಿಸಿದರು. ಬೇಡವೆಂದಷ್ಟೂ ಸಂಕೋಚ ಎಂದುಕೊಂಡರು. ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ ಹೋದರು. ಅಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಹಿಂದಿರುಗಿ ನಡೆಯಲು ತಿರುಗಿದರೆ ಇನ್ನೊಂದು ಜೀಪಿನವನು ಹಿಡಿದುಕೊಂಡ.

ಮನೆಗೆ ಬಂದಾಗ ಹೆಂಡತಿ, "ಎಲ್ಲಿವರೆಗೆ ಹೋಗಿದ್ರಿ?" ಎಂದಳು. ಆಯಾಸವಾಗಿತ್ತು, "ಮೂಡಿಗೆರೆವರೆಗೆ" ಎಂದಷ್ಟೇ ಹೇಳಿದೆ. ಅವಳು ಸೀದಾ ಒಳಗೆ ಹೋಗಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನಿಜ ಹೇಳಲು ನನಗೆ ಧೈರ್ಯ ಬಂದದ್ದು ದೀಪ ಆರಿದ ಮೇಲೆಯೇ.

ಅರವತ್ತೈದು

ಇನ್ನು ತೂಕದ ಕತೆ. ಸುತ್ತಮುತ್ತ ತೂಕದ ಯಂತ್ರ ಅಂತ ಇದ್ದದ್ದು ನಮ್ಮ ಎಸ್ಟೇಟಿನ ಗೋಡೌನಿನಲ್ಲಿ ಮಾತ್ರ, ಕಾಫಿ ಚೀಲ ತೂಗುವ ನೆಲದ ತಕ್ಕಡಿ. ದಿನಾ ಬೆಳಿಗ್ಗೆ ಅದರ ಮೇಲೆ ನಿಲ್ಲುತ್ತಿದ್ದೆ. ಅಂಕಿ ಕಾಣುವುದು ಎದುರು ನಿಂತವನಿಗೆ. ಹಾಗಾಗಿ ಮೇಸ್ತ್ರಿ ನೋಡಿ ಕೂಗುವುದು, ನಾನು ಬರೆದುಕೊಳ್ಳುವುದು. ಹಣ್ಣಿನ ಮೂಟೆ ತೂಗುವಾಗ ಹದಿನೆಂಟು ವರ್ಷದಿಂದ ನಮ್ಮಿಬ್ಬರ ರೂಢಿಯೇ ಅದು.

ಮೊದಲ ದಿನ ಮೇಸ್ತ್ರಿ "ಅರವತ್ತೈದು" ಎಂದು ಕೂಗಿದ. ಆಸ್ಪತ್ರೆಯಲ್ಲಿ ಅರವತ್ತೆಂಟಿತ್ತಲ್ಲ ಎಂದರೆ ಹೆಂಡತಿ, "ಚಾರ್ಮಾಡಿ ಘಾಟಿ ತಿರುವಲ್ಲಿ ಮೂರು ಕೆಜಿ ಕರಗಿರುತ್ತೆ ಬಿಡಿ" ಎಂದಳು. ಆಮೇಲೆ ಒಂದು ತಿಂಗಳು ದಿನವೂ ಅರವತ್ತೈದೇ.

ಒಂದು ದಿನ ಮೇಸ್ತ್ರಿ ಕಳಸಕ್ಕೆ ಮಗಳ ಮನೆಗೆ ಹೋದ. ಎಸ್ಟೇಟಿನ ಡ್ರೈವರ್ ಬಂದು ತಕ್ಕಡಿ ನೋಡಿ, "ಅರವತ್ತೆಂಟು" ಎಂದ.

"ಸರಿಯಾಗಿ ನೋಡೋ."

"ಅರವತ್ತೆಂಟೇ ರೈಟ್ರೆ."

ರಾತ್ರಿ ಬೆಳಗಾಗುವುದರೊಳಗೆ ಮೂರು ಕೆಜಿ! ಜೊತೆಗೆ ಬಂದಿದ್ದ ಹೆಂಡತಿ ಅಲ್ಲೇ ಕಾಫಿ ಚೀಲದ ಮೇಲೆ ಕುಸಿದು ಕೂತಳು. ಇಷ್ಟು ಜನ ಸೇರಿ ಉಳಿಸಿಕೊಂಡ ಜೀವ ಕೈತಪ್ಪಿ ಹೋಯಿತಲ್ಲ ಎಂದು ನನಗೆ ಅಳುವೇ ಬಂತು. ಸಾಹುಕಾರರು ತಾವೇ ಜೀಪು ಹೊರಡಿಸಿದರು. ಸುದ್ದಿ ತೋಟಕ್ಕೆ ಮುಟ್ಟಿ ಹೆಂಗಸರು ಕೊಯ್ಲು ಬಿಟ್ಟು ಓಡಿ ಬಂದರು. ಅಜ್ಜಿ ಮತ್ತೆ ಮೂವರು, ಸೊಂಟಕ್ಕೆ ಕಟ್ಟಿದ ಕೊಯ್ಲಿನ ಚೀಲದ ಸಮೇತ ಜೀಪು ಹತ್ತಿಯೇಬಿಟ್ಟರು. ಚಿಕ್ಕಮಗಳೂರಿನವರೆಗೂ ಅಜ್ಜಿ ನನ್ನ ಬೆನ್ನು ಸವರುತ್ತಲೇ ಇದ್ದಳು.

ಅಲ್ಲಿಯ ಡಾಕ್ಟರು ಕಾಲು ಒತ್ತಿ ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು, ತೂಕ ನೋಡಿದರು, ಮಂಗಳೂರಿನ ಫೈಲು ತೆರೆದರು. "ಬಿಡುಗಡೆ ಆದಾಗ ಅರವತ್ತೆಂಟು, ಈಗಲೂ ಅರವತ್ತೆಂಟು. ಒಂದು ಹನಿ ನೀರಿಲ್ಲ. ಇಷ್ಟು ಚೆನ್ನಾಗಿ ಚೇತರಿಸಿಕೊಂಡವರನ್ನ ನಾನು ನೋಡೇ ಇಲ್ಲ. ಯಾಕೆ ಬಂದ್ರಿ?" ಎಂದರು. ಹೆಂಡತಿ ಅರವತ್ತೈದರ ಪುಸ್ತಕವನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

ಸಂಜೆ ಹಿಂದಿರುಗಿದಾಗ ಮೇಸ್ತ್ರಿ ಗೇಟಿನಲ್ಲೇ ನಿಂತಿದ್ದ. ಎಲ್ಲರೂ ಅವನ ಮೇಲೆ ಬಿದ್ದೆವು. ಅವನು ಕಂಗಾಲಾಗಿ, "ತಕ್ಕಡೀಲಿ ದಿನಾ ಅರವತ್ತೆಂಟೇ ಇರ್ತಿತ್ತು ರೈಟ್ರೆ. ನಾನು ಚೀಲಕ್ಕೆ ಒಂದು, ತೇವಕ್ಕೆ ಎರಡು ಕಳೆದು ಹೇಳ್ತಿದ್ದೆ" ಎಂದ.

"ನಂಗೆಲ್ಲಿಯ ಚೀಲನೋ?"

"ಸ್ವೆಟರು, ಶಾಲು, ಮಂಕಿಟೋಪಿ ಇತ್ತಲ್ಲ?"

"ತೇವ ಎಲ್ಲಿಂದ ಬಂತು?"

"ಸ್ನಾನ ಮಾಡ್ಕೊಂಡು ಬರ್ತಿದ್ರಲ್ಲ!"

ಅವನನ್ನು ಬೈಯುವಂತಿರಲಿಲ್ಲ. ಹೆಂಗಸರು ಕೊಯ್ದು ತಂದ ಹಣ್ಣಿನ ಪ್ರತಿ ಮೂಟೆಗೂ ಚೀಲಕ್ಕೊಂದು, ಇಬ್ಬನಿಯ ತೇವಕ್ಕೆರಡು ಕೆಜಿ ಕಳೆದೇ ಕೂಗಬೇಕು ಎಂದು ಕಟ್ಟುನಿಟ್ಟು ಮಾಡಿದವನು ನಾನೇ. ಸುಡುಬಿಸಿಲಲ್ಲಿ ಕೊಯ್ದ ಹಣ್ಣಿಗೂ ತೇವ ಕಳೆಯದೆ ಬಿಟ್ಟಿರಲಿಲ್ಲ. ನನಗಾಗಿ ದಿನದ ಕೊಯ್ಲು ಬಿಟ್ಟು ಬಂದವರು ಪಕ್ಕದಲ್ಲೇ ನಿಂತಿದ್ದರು. ಅವರ ಮುಖ ನೋಡಲಾಗದೆ ಮೇಸ್ತ್ರಿಗೆ, "ಇನ್ಮೇಲೆ ಯಾರಿಗೂ ತೇವ ಕಳೀಬೇಡ" ಎಂದೆ. ಸಾಹುಕಾರರು ನಗುತ್ತ, ಆಗಲಿ ಎಂಬಂತೆ ತಲೆ ಆಡಿಸಿದರು.

ಅಜ್ಜಿ ಸೊಂಟದ ಚೀಲ ಬಿಚ್ಚುತ್ತ ಹೇಳಿದಳು: "ಅಲ್ಲ ರೈಟ್ರೆ, ಹದಿನೆಂಟು ವರ್ಷದಿಂದ ದಿನಾ ನಮ್ದು ಮೂರ್ಮೂರು ಕೆಜಿ ಕಳೀತಾ ಬಂದ್ರಿ, ನಾವ್ ಒಬ್ರೂ ಡಾಕ್ಟ್ರ ಹತ್ರ ಹೋಗ್ಲಿಲ್ಲ. ನಿಮ್ಗೆ ಕಳೆದಿದ್ದು ವಾಪಸ್ ಸಿಕ್ಕಿದ್ದಕ್ಕೇ ಹಿಂಗ್ ಹೆದರ್ಕಂಡ್ರಲ್ಲ!"