ಕಂಪ್ಯೂಟರಿಗೆ ಸೀಟಿ ಊದಿದ ನಮ್ಮ ಮಾಮಾ

ಕಂಪ್ಯೂಟರಿಗೆ ಕುಂಕುಮ ಹಚ್ಚುವವರನ್ನು ನೀವು ನೋಡಿರಬಹುದು. ಆಯುಧಪೂಜೆಯ ದಿನ ಚೆಂಡುಹೂವಿನ ಮಾಲೆ ಹಾಕಿ, ಮೌಸಿನ ಪಕ್ಕ ನಿಂಬೆಹಣ್ಣಿಟ್ಟು ಕೈಮುಗಿಯುವವರೂ ಇದ್ದಾರೆ. ಆದರೆ ಕಂಪ್ಯೂಟರಿಗೆ ಸೀಟಿ ಊದುವವರನ್ನು ಎಲ್ಲಾದರೂ ಕಂಡಿದ್ದೀರಾ? ಇಲ್ಲವೆಂದರೆ ಅಫಜಲಪುರಕ್ಕೆ ಬನ್ನಿ, ನಮ್ಮ ಮಾಮಾನ ಮನೆ ತೋರಿಸುತ್ತೇನೆ!

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಅಫಜಲಪುರ, ಜೇವರ್ಗಿ, ಯಡ್ರಾಮಿ ಎಂದು ಸರ್ವಿಸ್ಸಿನ ಉದ್ದಕ್ಕೂ ನಿಂತೇ ಓಡಾಡಿ ನಿವೃತ್ತರಾದರು. ನಿವೃತ್ತಿ ಸರ್ಕಾರ ಕೊಟ್ಟದ್ದು, ಅವರು ತೆಗೆದುಕೊಂಡದ್ದಲ್ಲ. ಈಗಲೂ ಮದುವೆಯ ಪಂಕ್ತಿಯಲ್ಲಿ ಜನ ನುಗ್ಗಿದರೆ, "ಹಿಂದ ಸರೀರಿ, ಹಿಂದ ಬಕ್ಕಳ ಜಾಗಾ ಅದ" ಎಂದು ಕೂಗಿ ಎಲ್ಲರನ್ನೂ ಕೂರಿಸಿ ತಾವು ಕೊನೆಗೆ ಕೂರುತ್ತಾರೆ. ಮನೆಗೆ ಬಂದವರು ಹೊರಟು ನಿಂತರೆ "ರೈಟ್!" ಎನ್ನುತ್ತಾರೆ. ಹೊಸದಾಗಿ ಬಂದ ಬೀಗರು ಇದನ್ನು ಅವಮಾನವೆಂದು ತಿಳಿದು ಮರುದಿನ ತಕರಾರು ಹೇಳಿ ಕಳಿಸಿದ್ದೂ ಉಂಟು.

ನಿವೃತ್ತರಾದ ಮೇಲೆ ಕೈ ಸುಮ್ಮನಿರಲಾರದೆ ಒಂದು ಕಂಪ್ಯೂಟರ್ ತಂದು ಪಡಸಾಲೆಯಲ್ಲಿಟ್ಟರು. ಎರಡು ಬೆರಳಿನಲ್ಲಿ ಕನ್ನಡ ಟೈಪಿಂಗ್ ಕಲಿತರು. ಓಣಿಯವರಿಗೆಲ್ಲ ಅರ್ಜಿ ಬರೆದುಕೊಡುವುದು ಅವರ ಈಗಿನ ಉದ್ಯೋಗ. ನಳದಲ್ಲಿ ನೀರು ಬರದಿದ್ದರೆ ಅರ್ಜಿ, ಕೊಳಕೂರಿನ ಬೀಗರ ಹೊಲದ ಪಹಣಿಯಲ್ಲಿ ಹೆಸರು ತಪ್ಪಿದ್ದರೆ ಅರ್ಜಿ. ಎಲ್ಲ ಅರ್ಜಿಗಳೂ "ಮಾನ್ಯರೇ" ಎಂದು ಶುರುವಾಗಿ "ದಯಮಾಡಿ ಜಲ್ದಿ ನೋಡುವುದು" ಎಂದು ಮುಗಿಯುತ್ತಿದ್ದವು.

ಹೀಗೆ ಸುಖವಾಗಿ ನಡೆಯುತ್ತಿದ್ದಾಗ ಒಂದು ಶನಿವಾರ ಮಾಮಾನ ಫೋನು ಬಂತು. ನಾನು ಜೇವರ್ಗಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವವಳು. ಹಾಜರಿಯನ್ನು ಕಂಪ್ಯೂಟರಿನಲ್ಲಿ ತುಂಬುತ್ತೇನೆ ಎಂಬ ಒಂದೇ ಕಾರಣಕ್ಕೆ ನಮ್ಮ ಬಳಗದಲ್ಲಿ ನಾನು ಕಂಪ್ಯೂಟರ್ ಪಂಡಿತೆ!

"ತಂಗಿ, ನಾಳಿಗಿ ಬಾ. ಕಂಪ್ಯೂಟರಿಗೆ ಹೊಸಾ ಸಿಸ್ಟಮ್ ಹಾಕೂದದ" ಎಂದರು. ನಮ್ಮ ಕಡೆ ಕಿರಿಯ ಹೆಣ್ಣುಮಕ್ಕಳೆಲ್ಲ ತಂಗಿಯರೇ.

"ಇದ್ದದ್ದು ಚಲೋನೇ ನಡದದಲ್ಲ ಮಾಮಾ? ಯಾಕ ಸುಮ್ನ?" ಎಂದೆ.

"ಹಾಂ, ಊಟಕ್ಕ ಇಲ್ಲೇ ಬಾ" ಎಂದು ಫೋನಿಟ್ಟರು. ಅವರ ಫೋನೇ ಹಾಗೆ. ಅವರು ಹೇಳುವುದಷ್ಟೇ, ನಮ್ಮದನ್ನು ಕೇಳುವ ಪದ್ಧತಿ ಇಲ್ಲ.

ಭಾನುವಾರ ಬೆಳಗ್ಗೆ ಹೋದೆ. ಬಾಗಿಲಲ್ಲೇ ಅತ್ತೆ ನನ್ನನ್ನು ಹಿಡಿದುಕೊಂಡರು. "ನೋಡಬೇ, ಆ ಡಬ್ಬಿ ಮುಂದ ಕುಂತ್ರಂದ್ರ ಮೂರ ಸಲ ಕರದ್ರೂ ಹ್ಞೂಂ ಅನ್ನಂಗಿಲ್ಲ ನಿಮ್ಮ ಮಾಮಾ. ಹಳೇದಿದ್ದಾಗನ ಹಿಂಗ. ಇನ್ನ ಹೊಸಾದು ಹಾಕಿದ್ರ ನಾ ಗ್ವಾಡಿ ಜೋಡಿ ಮಾತಾಡಬೇಕು ನೋಡು!" ಎಂದು ಒಲೆಯ ಕಡೆ ನಡೆದರು. ಅತ್ತೆ ಮನೆ ಆಳುವುದೆಲ್ಲ ಅಡುಗೆಮನೆಯಿಂದಲೇ. ಮುಖ ರೊಟ್ಟಿಯ ಕಡೆ, ಬೆನ್ನು ನಮ್ಮ ಕಡೆ, ಮಾತು ಮಾತ್ರ ಎಲ್ಲ ಕಡೆ.

ಕೆಲಸ ಶುರು ಮಾಡಿದೆವು. ಮೊದಲ ಹೆಜ್ಜೆಯಲ್ಲೇ ಪರದೆಯ ಮೇಲೆ ಒಂದು ಒಕ್ಕಣೆ ಬಂತು: ಈ ಕಂಪ್ಯೂಟರು ಹೊಸ ವ್ಯವಸ್ಥೆಗೆ ತಕ್ಕುದಲ್ಲ. ಮಾಮಾಗೆ ಕೆಟ್ಟ ಸಿಟ್ಟು ಬಂತು.

"ಫಿಟ್ನೆಸ್ ಇಲ್ಲಂತಾ? ಬಾಗಲಾ ಹಗ್ಗಲೆ ಕಟ್ಟಿದ ಬಸ್ಸಿನ್ಯಾಗ ನೂರ ಮಂದಿನ ಒಯ್ದೇನಿ ನಾ! ಇದು ಒಂದ ಕಡೆ ಕುಂತಿರೋದು, ಇದಕ್ಕೆಂಥಾ ಫಿಟ್ನೆಸ್ಸು?"

ಕಂಪ್ಯೂಟರಿನ ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬಸ್ ನಿಲ್ದಾಣದ ಎದುರಿನ ಅಂಗಡಿಗೆ ಹೋದರು. ಒಂದು ತಾಸಿನ ಮೇಲೆ ಗೆಲುವಿನಿಂದ ಮರಳಿದರು. "ಮದರ್‌ಬೋರ್ಡ್ ಬದಲ ಮಾಡ್ಯಾರ" ಎಂದು ನನಗೆ ಹೇಳಿದರು. ಒಳಗಿನಿಂದ ಅತ್ತೆಯ ಮಾತು ತೇಲಿಬಂತು: "ಅವ್ವನ್ನೇ ಬದಲ ಮಾಡಿದ್ಮ್ಯಾಲ ಅದರಾಗ ಮತ್ತೇನ ಉಳೀತು?" ನನಗೆ ನಗು ತಡೆಯಲಾಗಲಿಲ್ಲ. ಮಾಮಾ ಮಾತ್ರ ನಗಲಿಲ್ಲ, ವೈರು ಜೋಡಿಸುತ್ತಲೇ ಇದ್ದರು.

ಹೊಸ ವ್ಯವಸ್ಥೆ ಇಳಿಯತೊಡಗಿತು. ಶೇಕಡಾ ಹತ್ತು, ಇಪ್ಪತ್ತು, ಮೂವತ್ತೈದು. ಅಲ್ಲಿಗೆ ನಿಂತುಬಿಟ್ಟಿತು. ನಾವು ಚಹಾ ಕುಡಿದೆವು, ಮೂವತ್ತೈದು. ಚುರುಮುರಿ ತಿಂದೆವು, ಮೂವತ್ತೈದು. ಮಾಮಾ ಎದ್ದು ಗೂಟಕ್ಕೆ ನೇತುಹಾಕಿದ್ದ ಹಳೆಯ ಸೀಟಿ ತೆಗೆದರು. ನಾನು ಬೇಡವೆನ್ನುವಷ್ಟರಲ್ಲಿ "ಪೀಂ... ಪೀಂ!" ಎಂದು ಊದಿ, ಡಬ್ಬಿಯ ಬೆನ್ನಿಗೆ ಎರಡು ಏಟು ಬಡಿದು, "ರೈಟ್, ಹೋಗಲಿ!" ಎಂದರು.

ನಂಬುತ್ತೀರೋ ಬಿಡುತ್ತೀರೋ, ಮೂವತ್ತಾರಾಯಿತು!

ಆಮೇಲೆ ಅವರನ್ನು ಹಿಡಿಯುವವರು ಯಾರು? ಕಂಪ್ಯೂಟರು ಆರಿ ಹೊತ್ತಿದಾಗಲೆಲ್ಲ ಸೀಟಿ. ಅದು ನಾಲ್ಕನೆಯ ಸಲ ಆರಿದಾಗ ಅವರಿಗೂ ಬೇಸರ ಬಂತು. "ಎಕ್ಸ್‌ಪ್ರೆಸ್ ಅಂತ ಬೋರ್ಡ್ ಹಾಕ್ಯಾರ, ಊರೂರಿಗೆ ನಿಂದ್ರಸಾಕತ್ತಾರ ನೋಡ!" ಎಂದು ಬೈದರು. ಸೀಟಿಯ ಸದ್ದಿಗೆ ಪಕ್ಕದ ಮನೆಯವರು ಎರಡು ಸಲ ಹೊರಗೆ ಬಂದು ಬಸ್ಸು ಹುಡುಕಿದರು.

ಕೊನೆಗೂ ಹೊಸ ವ್ಯವಸ್ಥೆ ಕಣ್ಣು ಬಿಟ್ಟಿತು. ಬಿಟ್ಟಿದ್ದೇ ತಡ, ಪ್ರಶ್ನೆ ಕೇಳಲು ಶುರು ಮಾಡಿತು. ಹುಟ್ಟಿದ ದಿನ ಯಾವುದು?

"ಯಾವ್ದ ಬರೀಲಿ? ಸಾಲ್ಯಾಗ ಮಾಸ್ತರ ಬರದದ್ದೋ, ನಮ್ಮವ್ವ ಹೇಳಿದ್ದೋ?" ಎಂದು ಮಾಮಾ ಪೇಚಾಡಿದರು. ನೀವು ಎಲ್ಲಿದ್ದೀರೆಂದು ತಿಳಿದುಕೊಳ್ಳಬಹುದೇ ಎಂದು ಅದು ಕೇಳಿತು. "ಮನ್ಯಾಗ ಇದ್ದೇನಿ ಅಂತ ಹೇಳು. ಮತ್ತೆಲ್ಲಿ ಹೋಗ್ಲಿ ಈ ಬಿಸಲಾಗ?" ಕಂಪ್ಯೂಟರಿಗೊಂದು ಹೆಸರಿಡಿ ಎಂದಾಗ ಮಾತ್ರ ಹಿಂದೆಮುಂದೆ ನೋಡದೆ "ಯಡ್ರಾಮಿ ಫಾಸ್ಟ್" ಎಂದು ಬರೆಸಿದರು.

ಎಲ್ಲ ಮುಗಿದು ಪರದೆ ತೆರೆದರೆ ಮಾಮಾ ಗಾಬರಿಯಾದರು. ಎಡಗಡೆಯ ಮೂಲೆಯಲ್ಲಿರಬೇಕಾದ ಶುರುವಿನ ಗುಂಡಿ ಅಲ್ಲಿಲ್ಲ! ಹುಡುಕಿದರೆ ಕೆಳಗೆ ನಟ್ಟನಡುವೆ ಕುಳಿತಿದೆ.

"ಯಾವ ಶಾಣ್ಯಾ ಮಾಡ್ಯಾನ ಇದನ್ನ? ಡ್ರೈವರನ ಸೀಟ ತಂದು ಹೆಣ್ಮಕ್ಕಳ ಸೀಟಿನ ಹಂತ್ಯಾಕ ಹಾಕ್ಯಾನಲ್ಲ!"

ಅದಕ್ಕಿಂತ ದೊಡ್ಡ ಪೆಟ್ಟು ಮುಂದಿತ್ತು. ಹಳೆಯ ಅರ್ಜಿಯೊಂದನ್ನು ತೆರೆದರೆ ಕನ್ನಡವೇ ಇಲ್ಲ. ತಲೆಯ ಮೇಲೆ ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಗುರುತು, ಸೊಟ್ಟ ಗೆರೆಗಳು. "ಮಾನ್ಯರೇ" ಎಲ್ಲಿದ್ದಾರೆಂದು ದೇವರಿಗೇ ಗೊತ್ತು! ಓಣಿಯ ನಳದ ನೀರೆಲ್ಲ ಅದರೊಳಗೇ ಹರಿದುಹೋದಂತೆ ಮಾಮಾ ಕುಸಿದು ಕುಳಿತರು. ಪೆನ್ ಡ್ರೈವಿನಲ್ಲಿಟ್ಟ ಹಳೆಯ ಕನ್ನಡ ಫಾಂಟನ್ನು ಮತ್ತೆ ಹಾಕಿದರೆ ಸರಿಹೋಗುತ್ತದೆ ಎಂದು ನಾನು ಸಮಾಧಾನ ಮಾಡಿ, "ಪೆನ್ ಡ್ರೈವ್ ಎಲ್ಲದ ಮಾಮಾ?" ಎಂದು ಅವರ ಮುಖ ನೋಡಿ ಕೇಳಿದೆ.

ಸರಿಯಾಗಿ ಅದೇ ಹೊತ್ತಿಗೆ ಅತ್ತೆ ಒಳಗಿನಿಂದ ಕೇಳಿದರು: "ಏನ್ರೀ, ಆಳಂದಕ್ಕ ತೊಟ್ಟಿಲ ಕಾರ್ಯಕ್ಕ ಯಾವಾಗ ಹೋಗೂದು?" ಆಳಂದದಲ್ಲಿ ಅತ್ತೆಯ ಅಕ್ಕನ ಮನೆ. ಅಕ್ಕನ ಮೊಮ್ಮಗಳಿಗೆ ಹೆಸರಿಡುವ ಕಾರ್ಯವಿತ್ತು. ಮಾಮಾ ತಲೆ ಕೆರೆದುಕೊಂಡು ಏನೋ ನೆನಪಿಸಿಕೊಳ್ಳುತ್ತಿದ್ದರು. ಅತ್ತೆ ಇನ್ನೊಮ್ಮೆ ಕೇಳಿದರು. ಮೂರನೆಯ ಸಲ ದನಿ ಏರಿಸಿ, "ಹೋಗೂದದನೋ ಇಲ್ಲೋ? ನಮ್ಮ ಮಂದಿ ಅಂದ್ರ ನಿಮಗ ಏನೂ ಅಲ್ಲೇನು?" ಎಂದರು.

ಮಾಮಾ ನನ್ನ ಕಡೆ ತಿರುಗಿ ನಿರಾಳವಾಗಿ, "ಟ್ರಂಕಿನ್ಯಾಗ ಒಗದೇನಿ, ಯಾವಾಗರೆ ತಗೊಂಡ್ರಾಯ್ತು" ಎಂದರು.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಅತ್ತೆ ಹೊರಗೆ ಬಂದರು. ಕೈಯ ಹಿಟ್ಟನ್ನೂ ತೊಳೆದಿರಲಿಲ್ಲ. ಮಾಮಾನನ್ನು ಒಂದು ಗಳಿಗೆ ನೋಡಿದರು. ಅವರು ಪರದೆ ನೋಡುತ್ತಿದ್ದರು. ಅತ್ತೆ ಕೋಣೆಗೆ ಹೋಗಿ, ಸೀರೆ ಬದಲಿಸಿ, ಎರಡು ಸೀರೆ ಚೀಲಕ್ಕೆ ತುರುಕಿ, "ನಾ ಆಳಂದಕ್ಕ ಹೊಂಟೇನಿ ತಂಗಿ. ಇವ್ರಿಗೆ ಡಬ್ಬಿನ ಊಟಕ್ಕ ನೀಡಲಿ" ಎಂದು ಹೊರಟೇಬಿಟ್ಟರು. ನಾನು ಬಾಗಿಲವರೆಗೆ ಓಡಿದೆ. ಅತ್ತೆ ತುಂಬಿದ ಕಣ್ಣು ಒರೆಸಿಕೊಳ್ಳುತ್ತ ಓಣಿ ದಾಟಿಬಿಟ್ಟಿದ್ದರು.

ಮರಳಿ ಬಂದು ಮಾಮಾನ ಎದುರು ನಿಂತು ಬೈದೆ. ಜನ್ಮದಲ್ಲಿ ಮೊದಲ ಸಲ! "ಅತ್ತಿ ತೊಟ್ಟಿಲ ಕಾರ್ಯದ್ದು ಮೂರ ಸಲ ಕೇಳಿದ್ರು. ನೀವು ಒಂದ ಮಾತೂ ಆಡಲಿಲ್ಲ. ಅಳಕೋತ ಹೋದ್ರು. ಅಂಥಾದ್ದೇನದ ಈ ಹೊಸಾ ಸಿಸ್ಟಮಿನ್ಯಾಗ?"

ಮಾಮಾನ ಮುಖ ಸಣ್ಣದಾಯಿತು. "ಆಕಿ ಕೇಳಿದ್ಲಾ?" ಎಂದರು. ಆಮೇಲೆ ನೆಲ ನೋಡುತ್ತಾ, "ನಂಗ ಕೇಳ್ಸಂಗಿಲ್ಲ ಬೇ" ಎಂದರು.

ನಾನು ಸ್ಟೂಲಿನ ಮೇಲೆ ಕುಳಿತೆ.

ಎಷ್ಟೋ ವರ್ಷ ಎಂಜಿನ್ನಿನ ಪಕ್ಕ ನಿಂತು ಕಿವಿ ಸೋತಿದ್ದವಂತೆ. ನಿವೃತ್ತಿಯ ಮೊದಲೇ ಮಂದವಾಗಿದ್ದವು, ಈಗ ಇದ್ದೂ ಇಲ್ಲದಂತೆ. "ಬಸ್ಸಿನ್ಯಾಗ ಯಾರ ಮಾತ ಕೇಳ್ಸತಿತ್ತು? ತುಟಿ ನೋಡೇ ಟಿಕೇಟ ಹರೀತಿದ್ದೆ. ಜೇವರ್ಗಿ ಅಂದ್ರ ಹಲ್ಲ ಕಾಣ್ತಾವ, ಅಫಜಲಪುರ ಅಂದ್ರ ತುಟಿ ಕೂಡ್ತಾವ. ನಿನ್ನ ಮಾತೂ ಹಂಗೇ ತಿಳಕೊಳ್ಳಾಕತ್ತೇನಿ. ಫೋನಿನ್ಯಾಗ ಮಾರಿ ಕಾಣಂಗಿಲ್ಲ, ನಾನ ಹೇಳಿ ಇಟ್ಟುಬಿಡ್ತೇನಿ. ಆದ್ರ ನಿಮ್ಮತ್ತಿ... ಆಕಿ ಒಲಿ ಕಡಿ ಮಾರಿ ಮಾಡಿ ಮಾತಾಡ್ತಾಳ. ಊರಾಗ ಎಲ್ಲಾರ ಮಾತೂ ತಿಳೀತದ, ಆಕೀದೊಂದ ತಿಳಿಯಂಗಿಲ್ಲ."

"ಕಿವಿ ಮಶಿನ್ ಹಾಕ್ಕೋಬೇಕಿತ್ತು?"

"ಹಾಕ್ಕೊಂಡ ನೋಡೇನಿ. ಬರೇ ಗೊರ್ರ್ ಅಂತದ. ಮತ್ತ ಡ್ಯೂಟಿ ಮ್ಯಾಲ ಹ್ವಾದಂಗ!"

ಅಷ್ಟು ಹೇಳಿ ಎದ್ದು, ಕಪಾಟಿನಿಂದ ಒಂದು ಸಣ್ಣ ಮೈಕು ತೆಗೆದರು. ಅದಕ್ಕೆ ಉದ್ದನೆಯ ವೈರು. ಹೊಸ ವ್ಯವಸ್ಥೆ ಹಾಕಿಸಿದರೆ ಆಡಿದ ಮಾತನ್ನು ಕಂಪ್ಯೂಟರೇ ಕನ್ನಡದಲ್ಲಿ ಬರೆದು ತೋರಿಸುತ್ತದೆ ಎಂದು ಅಂಗಡಿಯವರು ಹೇಳಿದ್ದರಂತೆ. ವೈರು ಪಡಸಾಲೆಯಿಂದ ಒಲೆಯವರೆಗೆ ಮುಟ್ಟುವುದನ್ನು ಮಾಮಾ ಮೊದಲೇ ಅಳೆದು ತಂದಿದ್ದರು.

"ಆಕಿ ಬೆನ್ನ ತಿರುವಿ ಮಾತಾಡಿದ್ರೂ ಇಲ್ಲಿ ಓದಬಹುದು ಅಂತ ಅಂದ್ಕೊಂಡೆ" ಎಂದರು.

ಸಂಜೆ ಆಳಂದಕ್ಕೆ ಫೋನು ಮಾಡಿ ಅತ್ತೆಗೆ ಎಲ್ಲ ಹೇಳಿದೆ. ಆ ಕಡೆಯಿಂದ, "ಮೊದಲ ಹೇಳಾಕ ಏನಾಗಿತ್ತ ಇವ್ರಿಗೆ?" ಎಂಬ ಒಡೆದ ದನಿ ಕೇಳಿತು.

ಸೋಮವಾರ ನಾನು ಕಾಲೇಜಿಗೆ ರಜೆ ಹಾಕಿದೆ. ಹತ್ತು ಗಂಟೆಯ ಹೊತ್ತಿಗೆ ಅತ್ತೆ ಚೀಲದ ಸಮೇತ ಬಂದಿಳಿದರು. ನೇರ ಒಲೆಯ ಮುಂದೆ ಹೋಗಿ ನಿಂತರು. ಮಾಮಾ ಪಡಸಾಲೆಯಲ್ಲಿ ಕನ್ನಡಕ ಒರೆಸಿ ಪರದೆಯ ಮುಂದೆ ಕುಳಿತರು. ನಾನು ಮೈಕನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, "ಏನರೆ ಮಾತಾಡ್ರಿ ಅತ್ತಿ" ಎಂದೆ.

ಅತ್ತೆ ನಾಚಿಕೊಂಡರು. ಮೈಕಿನ ಕಡೆ ಓರೆಗಣ್ಣಿಂದ ನೋಡಿ, "ರೊಟ್ಟಿ ಮಾಡಾಕತ್ತೇನಿ" ಎಂದರು.

ಪರದೆಯ ಮೇಲೆ ಅಕ್ಷರ ಮೂಡಿದವು. ಮಾಮಾ ಗಟ್ಟಿಯಾಗಿ ಓದಿದರು: "ರೊಟ್ಟಿ ಮಾಡ ಕತ್ತೆ ನೀ."

ಅತ್ತೆ ಮೈಕು ಹಿಡಿದೇ ಹೊರಗೆ ಬಂದರು. "ನಾ ಯಾವಾಗ ಕತ್ತಿ ಅಂದೆ? ಚಾ ಕಾಸಾಕತ್ತೇನಿ ಅಂತ ಬರಿ ಅನ್ರಿ ಅದಕ್ಕ!"

ಅದು ಬರೆಯಿತು: "ಚಹಾ ಕಾಸ ಕತ್ತೆ ನೀ."

ನಮ್ಮ ಕಡೆಯ ಮಾತಿಗೆ ಎಷ್ಟು ಕತ್ತೆಗಳನ್ನು ಕಟ್ಟಿದ್ದಾರೆ ಎಂದು ನನಗೆ ಗೊತ್ತಾದದ್ದೇ ಅವತ್ತು! ಬರಾಕತ್ತೇನಿ ಎಂದರೂ ಕತ್ತೆ, ಹೋಗಾಕತ್ತೇನಿ ಎಂದರೂ ಕತ್ತೆ. ಮಾಮಾ ಹೊಟ್ಟೆ ಹಿಡಿದು ನಗುತ್ತಿದ್ದರು. ಇದಕ್ಕೆ ಪುಸ್ತಕದ ಕನ್ನಡ ಮಾತ್ರ ಬರುತ್ತದೆ ಎಂದು ನಾನು ಅತ್ತೆಗೆ ಹೇಳಿದೆ.

ಅತ್ತೆ ಓದಿದ್ದು ನಾಲ್ಕನೆಯ ಇಯತ್ತೆ. ಪುಸ್ತಕದ ಕನ್ನಡವನ್ನು ಅವರು ಕೇಳಿದ್ದು ರೇಡಿಯೋ ವಾರ್ತೆಯಲ್ಲಿ, ಆಡಿದ್ದು ಎಂದೂ ಇಲ್ಲ. ಸೆರಗು ಸರಿಪಡಿಸಿಕೊಂಡರು. ವಾರ್ತೆ ಓದುವವರಂತೆ ನೆಟ್ಟಗೆ ನಿಂತು, ಒಂದೊಂದೇ ಅಕ್ಷರವನ್ನು ತೂಗಿ ಇಟ್ಟಂತೆ ಹೇಳಿದರು:

"ನಾನು, ಆಳಂದದಿಂದ, ಮರಳಿ ಬಂದಿದ್ದೇನೆ. ನಿಮಗೆ, ಹಸಿವು ಆಗಿದೆಯೇ?"

ಒಂದು ಅಕ್ಷರವೂ ತಪ್ಪಿರಲಿಲ್ಲ. ಮಾಮಾ ಓದಿದರು. ಈ ಸಲ ಗಟ್ಟಿಯಾಗಿ ಓದಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಹೌದು, ಹಸಿವು ಆಗಿದೆ" ಎಂದು ಅದೇ ಪುಸ್ತಕದ ಕನ್ನಡದಲ್ಲಿ ಹೇಳಿದರು.

ಅತ್ತೆ ಮೈಕು ಕೆಳಗಿಟ್ಟರು. ಹತ್ತಿರ ಬಂದು, ಹಿಟ್ಟು ಹತ್ತಿದ ಕೈಯಿಂದಲೇ ಮಾಮಾನ ಗದ್ದ ಹಿಡಿದು, ಪರದೆಯ ಕಡೆಯಿಂದ ತಮ್ಮ ಕಡೆಗೆ ತಿರುಗಿಸಿಕೊಂಡರು.

"ಇನ್ಮ್ಯಾಲ ನಿಮ್ಮ ಮಾರಿ ನೋಡೇ ಮಾತಾಡ್ತೇನ್ರಿ. ತಿಳೀತಾ?"

ಮಾಮಾ ಅವರ ತುಟಿಗಳನ್ನೇ ನೋಡುತ್ತಿದ್ದರು. "ತಿಳೀತು" ಎಂದರು.

ಆ ಮಾತನ್ನು ಕಂಪ್ಯೂಟರು ಏನೆಂದು ಬರೆದುಕೊಂಡಿತೋ, ನಾವ್ಯಾರೂ ನೋಡಲಿಲ್ಲ.