ಓಟ್ಸ್ ಹೊಲಕ್ಕೊಂದು ಬೋರ್ಡು

ಓದಿದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ, ಆರಿಸುವ ಕಾಯಿಲೆ. ಸಿಕ್ಕಿದ್ದನ್ನು ತಿಂದು, ಕೊಟ್ಟದ್ದನ್ನು ಉಟ್ಟು ಬೆಳೆದವಳೇ ನಾನು. ಆದರೆ ಹೆಸರಿನ ಮುಂದೆ ಎಂ.ಎ., ಬಿ.ಎಡ್. ಸೇರಿಕೊಂಡ ಮೇಲೆ ಹಲ್ಲುಜ್ಜುವ ಬ್ರಷ್ಷನ್ನೂ ನಾಲ್ಕು ಜನರನ್ನು ವಿಚಾರಿಸದೆ ಕೊಂಡವಳಲ್ಲ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲಿಗಳು. ಇದನ್ನು ಇಲ್ಲಿ ಹೇಳುವ ಅಗತ್ಯವೇನೂ ಇರಲಿಲ್ಲ. ಅಗತ್ಯವಿಲ್ಲದ ಕಡೆಯಲ್ಲೆಲ್ಲ ಹೇಳುವುದೇ ನನ್ನ ಅಭ್ಯಾಸ. ಈ ಚಳಿಗಾಲದಲ್ಲಿ ನನ್ನ ಮಾನ ಹೋದದ್ದೂ ಅದರಿಂದಲೇ.

ಅಂಬಾಜಿದುರ್ಗದ ಬೆಟ್ಟದ ಬುಡದಲ್ಲಿ ನಮ್ಮೂರು. ನಾನು ಚಿಂತಾಮಣಿಯ ಹೈಸ್ಕೂಲಿಗೆ ಸ್ಕೂಟರಿನಲ್ಲಿ ಹೋಗಿ ಬರುವ ಟೀಚರು. ಮನೆಯಲ್ಲಿ ಅಮ್ಮ ಎರಡು ಕಡಸು ಸಾಕಿದ್ದಾಳೆ, ಗೌರಿ ಮತ್ತು ಲಚ್ಚಿ. ಈ ಚಳಿಯಲ್ಲಿ ಮೈತುಂಬಿಕೊಂಡರೆ ಬರುವ ವರ್ಷ ಗಬ್ಬವಾಗುತ್ತವೆ, ಇಲ್ಲದಿದ್ದರೆ ಇಲ್ಲ ಎಂದು ಡಾಕ್ಟರು ಹೇಳಿ ಹೋಗಿದ್ದರು. ಅಮ್ಮನಿಗೆ ಅದೊಂದೇ ಯೋಚನೆ. ಅವಳು ಬೆಳಿಗ್ಗೆ ಎದ್ದರೆ ದೇವರ ಮುಖಕ್ಕಿಂತ ಮೊದಲು ಕಡಸುಗಳ ಪಕ್ಕೆ ಮುಟ್ಟಿ ನೋಡುತ್ತಿದ್ದಳು. ಸರಿ, ಈ ಜವಾಬ್ದಾರಿ ನನಗಿರಲಿ ಎಂದೆ. ಮೇಯಿಸುವುದಕ್ಕೆ ಯಾವ ಮೇವು ಬಿತ್ತಬೇಕು ಎಂದು ಫೋನಿನಲ್ಲಿ ನೋಡಿದೆ, ಪುಸ್ತಕ ತರಿಸಿದೆ. ಜೋಳವೆಂದರೆ, ಎಳೆಯ ಪೈರು ನೀರಿಲ್ಲದೆ ಬಾಡಿದ್ದಾಗ ಮೇಯ್ದರೆ ನಂಜು. ಕುದುರೆ ಮಸಾಲೆ ಸೊಪ್ಪು ಒಳ್ಳೆಯದೇ, ಹಸಿದ ಕರು ಅದನ್ನೇ ಹೊಟ್ಟೆತುಂಬ ಮೇಯ್ದರೆ ಉಬ್ಬರ. ಅಲಸಂದೆಗೆ ಚಳಿ ಆಗದು. ಹೀಗೆ ಒಬ್ಬೊಬ್ಬ ವರನಿಗೂ ಒಂದೊಂದು ಐಬು ಸಿಕ್ಕಿ, ಕೊನೆಗೆ ಓಟ್ಸ್ ಒಪ್ಪಿಗೆಯಾಯಿತು. ಚಳಿ ತಡೆಯುತ್ತದೆ, ಬುಡ ಬಿಟ್ಟು ಮೇಯಿಸಿದರೆ ಮತ್ತೆ ಚಿಗುರುತ್ತದೆ. ನಮ್ಮ ಮನೆಯವರನ್ನು ಒಪ್ಪಿಕೊಳ್ಳುವಾಗಲೂ ನಾನು ಇಷ್ಟು ವಿಚಾರಿಸಿರಲಿಲ್ಲ. ಅಮ್ಮನಿಗೆ ಮಾತ್ರ ಸಮಾಧಾನವಾಗಲಿಲ್ಲ. ಅವಳ ಸಕ್ಕರೆ ಕಾಯಿಲೆಗೆ ಓಟ್ಸ್ ಗಂಜಿ ಕುಡಿಸಲು ಹೋಗಿ ನಾನು ಸೋತಿದ್ದೆ. ನಾನು ಬೇಡ ಅಂದಿದ್ದನ್ನ ಬಾಯಿ ಬರದ ಕಡಸುಗಳ ಮೇಲೆ ಹೇರ್ತಿದ್ದೀಯ ಎಂದು ಅವಳ ದೂರು.

ಓಟ್ಸ್ ಚೆನ್ನಾಗಿಯೇ ಬಂತು. ನನ್ನ ಓದಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಮ್ಮೂರಿನಲ್ಲಿ ಒಂದು ವಾಡಿಕೆಯಿದೆ. ರಾಗಿ ಕೊಯ್ದು ಮೆದೆ ಹಾಕಿ, ನಡುವೆ ಸಾಲು ಹಾಕಿದ ಅವರೆಯನ್ನೂ ಬಿಡಿಸಿ ಮುಗಿಸಿದರೆ, ಸಂಕ್ರಾಂತಿ ಹೊತ್ತಿಗೆ ಹೊಲಗಳೆಲ್ಲ ಬಯಲು. ಆಮೇಲೆ ಯಾರ ದನ ಯಾರ ಹೊಲದಲ್ಲಿ ಬೇಕಾದರೂ ಕೊಯ್ದು ಉಳಿದ ಕೂಳೆ ಮೇಯಬಹುದು, ಯಾರೂ ಯಾರನ್ನೂ ಕೇಳುವಂತಿಲ್ಲ. ಊರೆಲ್ಲ ಒಣಗಿ ಬೆಳ್ಳಗಾಗಿರುವ ಹೊತ್ತಿಗೆ, ಅದರ ನಟ್ಟನಡುವೆ, ಹಸಿರು ಹಾಸಿ ಕೂತದ್ದು ನಮ್ಮ ಹೊಲವೊಂದೇ. ದನಗಳಿಗೆ ಇದಕ್ಕಿಂತ ಒಳ್ಳೆಯ ಕರೆಯೋಲೆ ಬೇಕೆ?

ಒಂದು ಬೆಳಿಗ್ಗೆ ಸ್ಕೂಲಿಗೆ ಹೊರಟಿದ್ದೆ. ಮುನಿಯಕ್ಕನ ಕರು ಓಟ್ಸಿನೊಳಗೆ ನಿಂತಿತ್ತು. ಮುನಿಯಕ್ಕ ನಮ್ಮ ಪಕ್ಕದ ಹೊಲದವಳು, ಅಮ್ಮನ ಹಳೆಯ ಜೊತೆಗಾತಿ. ಚಳಿಗಾಲವೆಲ್ಲ ಅವರಿಬ್ಬರೂ ಒಟ್ಟಿಗೇ ದನ ಬಿಟ್ಟುಕೊಂಡು, ಒಂದೇ ಬಂಡೆಯ ಮೇಲೆ ಕೂತು, ಎಲೆಯಡಿಕೆ ಹಾಕಿಕೊಂಡು, ಕನ್ನಡದಲ್ಲಿ ಶುರುಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುವವರು. ನಾನು ಅವಳನ್ನು ದೊಡ್ಡಮ್ಮ ಎಂದು ಕರೆದು, ನೀನು ಎಂದೇ ಮಾತಾಡಿಸಿದವಳು. ಅವತ್ತು ಸ್ಕೂಟರಿನ ಮೇಲಿಂದಲೇ ಹೇಳಿದೆ: "ಕರುನ ಕಟ್ಟಿ ಸಾಕೋಕಾಗದಿದ್ರೆ ನೀವು ಯಾಕೆ ಸಾಕ್ತೀರಿ?" ಆ 'ನೀವು' ಎನ್ನುವ ಮರ್ಯಾದೆಗಿಂತ ಬೈಗುಳ ವಾಸಿ. ಅವಳು ಬಂಡೆಯಿಂದ ಎದ್ದು ಬಂದು ಕರುವಿನ ಕಿವಿ ಹಿಡಿದು ಎಳೆದುಕೊಂಡು ಹೋದಳು.

ಅಲ್ಲಿಗೆ ಬಿಟ್ಟಿದ್ದರೂ ಉಳಿಯುತ್ತಿದ್ದೆನೇನೋ. ಭಾನುವಾರ ಜಾಲಿಮುಳ್ಳು ತರಿಸಿ ಸುತ್ತ ಬೇಲಿ ಹಾಕಿಸಿದೆ. ಪ್ಲೈವುಡ್ ತುಂಡಿನ ಮೇಲೆ ಕೆಂಪು ಬಣ್ಣದಲ್ಲಿ 'ಈ ಜಮೀನಿನಲ್ಲಿ ಜಾನುವಾರು ಬಿಡುವುದನ್ನು ನಿಷೇಧಿಸಲಾಗಿದೆ' ಎಂದು ಬರೆದು, ಕೆಳಗೆ ನನ್ನ ಹೆಸರು, ಅದರ ಮುಂದೆ ಎರಡೂ ಡಿಗ್ರಿ. ದನಗಳಿಗೆ ನನ್ನ ವಿದ್ಯಾರ್ಹತೆ ತಿಳಿಯಬೇಕಾಗಿತ್ತಲ್ಲ! ಬೋರ್ಡು ಕಟ್ಟಿ, ನಾಲ್ಕು ಹೆಜ್ಜೆ ಹಿಂದೆ ಸರಿದು, ಅಕ್ಷರ ದುಂಡಗೆ ಬಂದಿದೆಯೇ ಎಂದು ನೋಡುತ್ತ ನಿಂತಾಗ ಪಕ್ಕದಲ್ಲಿ ಕತ್ತಿನ ಗಂಟೆಯ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಗೌರಿ ಮತ್ತು ಲಚ್ಚಿ. ಓಟ್ಸ್ ಮೇಯಿಸುವ ಹದಕ್ಕೆ ಬರಲೆಂದು ನಾನೇ ಅವನ್ನು ಅದರಿಂದ ದೂರ ಇಟ್ಟಿದ್ದೆ. ಅವು ಮುನಿಯಕ್ಕನ ಹೊಲದಲ್ಲಿ, ಅವಳ ಅವರೆ ಬಳ್ಳಿಯನ್ನು, ಕಣ್ಣು ಅರೆಮುಚ್ಚಿಕೊಂಡು ಮೇಯುತ್ತಿದ್ದವು. ಅವತ್ತೊಂದು ದಿನವಲ್ಲ, ದಿನವೂ ಅಲ್ಲೇ ಮೇಯುತ್ತಿದ್ದವಂತೆ.

ಸಂಜೆ ಅವನ್ನು ಹೊಡೆದುಕೊಂಡು ಬಂದವಳು ಮುನಿಯಕ್ಕನೇ. ನಮ್ಮ ಗೂಟಕ್ಕೆ ಕಟ್ಟಿ, "ಹೊಟ್ಟೆ ತುಂಬೈತೆ ಮೇಡಂ, ನೀರು ಕುಡಿಸಿ ಸಾಕು" ಎಂದು ಹೇಳಿ ಹೊರಟುಹೋದಳು. ಹುಟ್ಟಿದಾಗಿನಿಂದ ನನ್ನನ್ನು ಮಗುವಿನಂತೆ 'ಪಾಪ' ಎಂದು ಕರೆದವಳು ಅವಳು. ಸ್ಕೂಲಿನಲ್ಲಿ ದಿನಕ್ಕೆ ನೂರು ಸಲ ಆ ಮೇಡಂ ಕೇಳುತ್ತೇನೆ, ಒಂದೂ ಹೀಗೆ ಚುಚ್ಚಿರಲಿಲ್ಲ. ಅಮ್ಮ ಒಲೆಯ ಮುಂದೆ ಕೂತಿದ್ದಳು. ಬೈಯಲಿಲ್ಲ. "ನಮಗೆ ಒಂದು ಗೇಣು ಹೊಲ ಇಲ್ಲದಾಗ ನಿನ್ನ ಓದಿಸಿದ್ದು ಆಗಿದ್ದ ಒಂದು ಹಸುವಿನ ಹಾಲು ಕಣೇ. ಅದು ಯಾರ ಹೊಲದಲ್ಲಿ ಮೇಯ್ತಿತ್ತು ಅಂತ ಕೇಳಿದ್ದೀಯ ಒಂದಿನಾನಾದ್ರೂ?" ಎಂದಳು. ಮಾರನೆಯ ದಿನದಿಂದ ಅವಳು ದನ ಬಿಟ್ಟುಕೊಂಡು ಹೋಗುವುದನ್ನೇ ನಿಲ್ಲಿಸಿದಳು. ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದಳಂತೆ ಯಾರಲ್ಲೋ. ಕಡಸುಗಳು ಕೊಟ್ಟಿಗೆಯಲ್ಲಿ, ಅಮ್ಮ ಜಗಲಿಯಲ್ಲಿ, ಮುನಿಯಕ್ಕ ಬಂಡೆಯ ಮೇಲೆ ಒಬ್ಬಳೇ. ನನ್ನ ಓಟ್ಸ್ ಮಾತ್ರ ಬೇಲಿಯೊಳಗೆ ತಲೆಯೆತ್ತಿ ನಿಂತಿತ್ತು.

ಒಂದು ವಾರ ತಡೆದೆ. ಆಮೇಲೆ ಒಂದು ಬೆಳಿಗ್ಗೆ ಸ್ಕೂಲಿಗೆ ರಜೆ ಹಾಕಿ, ಬೋರ್ಡು ಬಿಚ್ಚಿ ಬೇಲಿಯೊಳಗೆ ಮಲಗಿಸಿ, ಬಂಡೆಯ ಹತ್ತಿರ ಹೋಗಿ ನಿಂತೆ. ಕ್ಷಮೆ ಕೇಳಬೇಕೆಂದೇ ಹೋದವಳು. ಬಾಯಿ ತೆರೆದರೆ ಬಂದದ್ದೇ ಬೇರೆ: "ದೊಡ್ಡಮ್ಮ, ಈ ಓಟ್ಸ್ ಒಂದೇ ಸಲ ಮೇಯಿಸೋ ಬೆಳೆ ಅಲ್ಲ. ಮೇಯಿಸಿದಷ್ಟೂ ಚಿಗುರುತ್ತೆ. ಎರಡು ಕಡಸಿಗೆ ಜಾಸ್ತಿಯಾಗುತ್ತೆ, ಮೂರಿದ್ರೆ ಬೆಳೆಗೇ ಒಳ್ಳೇದು. ಅದಕ್ಕೆ ನಿನ್ನ ಕರುನೂ..." ಹೀಗೆ ಬೇರಿನಿಂದ ಚಿಗುರಿನವರೆಗೆ ಒಂದು ಪಾಠವನ್ನೇ ಮಾಡಿದೆ. ಅವಳು ಎಲೆಗೆ ಸುಣ್ಣ ಸವರುತ್ತ, ಗಂಟೆ ಹೊಡೆಯುವುದನ್ನು ಕಾಯುವ ಮಕ್ಕಳಂತೆ, ತಾಳ್ಮೆಯಿಂದ ಕೇಳಿದಳು.

ಕೊನೆಗೆ ಎಲೆ ಮಡಿಚಿ ಬಾಯಿಗಿಟ್ಟುಕೊಂಡು, "ತಪ್ಪಾಯ್ತು ಅನ್ನೋಕೆ ಇಷ್ಟೊಂದು ಓದಿರ್ಬೇಕೇನಮ್ಮಾ?" ಎಂದಳು. ಎದ್ದು, ಸೆರಗು ಸಿಕ್ಕಿಸಿ, ನಮ್ಮ ಮನೆಯ ಕಡೆ ಅಮ್ಮನನ್ನು ಕೂಗುತ್ತ ಹೊರಟಳು.

ನಾನು ಬೇಲಿಯ ಮುಳ್ಳು ಸರಿಸಲು ಹೋದೆ. ಉತ್ತರ ಕೊಡಲು ಹೋಗಿದ್ದರೆ ಅದಕ್ಕೂ ಒಂದು ಪೀಠಿಕೆ ಹಾಕುತ್ತಿದ್ದೆ.